ದೊಡ್ಡ ಕಿಡ್ನಿ ಕಲ್ಲಿಗೆ ಲೇಸರ್: ರಿಪೋರ್ಟ್ ಕೈಗೆ ಬಂದ ದಿನದಿಂದ ಸ್ಟೆಂಟ್ ತೆಗೆಯುವ ದಿನದವರೆಗೆ

ನನ್ನ ಎಡ ಕಿಡ್ನಿಯಲ್ಲಿ 24 ಮಿಲಿಮೀಟರ್ ಕಲ್ಲಿದೆ ಎಂದು ಗೊತ್ತಾದ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೇ, ಲೇಸರ್‌ನಲ್ಲಿ ಆಗುತ್ತಾ?" "ಆಗುತ್ತೆ" ಅಂದರು. ನನಗೆ ಅಷ್ಟೇ ಸಾಕಾಯಿತು. ಕೊಯ್ಯೋದಿಲ್ಲ, ಬೆಳಕು ಬಿಟ್ಟು ಕಲ್ಲು ಕರಗಿಸ್ತಾರೆ, ಸಂಜೆಗೆ ಮನೆ ಅಂದುಕೊಂಡು ಹೊರಗೆ ಬಂದೆ.

ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಲೇಸರ್ ಅನ್ನೋದು ಕಲ್ಲು ಒಡೆಯುವ ಸಲಕರಣೆ, ಅಷ್ಟೇ. ಅದನ್ನು ಯಾವ ದಾರಿಯಲ್ಲಿ ಕಲ್ಲಿನ ಹತ್ತಿರ ಒಯ್ಯುತ್ತಾರೆ, ಒಡೆದ ಚೂರುಗಳು ಯಾವ ದಾರಿಯಲ್ಲಿ ಹೊರಗೆ ಬರುತ್ತವೆ ಎನ್ನುವುದು ಮುಖ್ಯ. ಎಷ್ಟು ನೋವು, ಆಸ್ಪತ್ರೆಯಲ್ಲಿ ಎಷ್ಟು ದಿನ, ಎರಡನೇ ಸಲ ಹೋಗಬೇಕಾ ಎನ್ನುವುದೆಲ್ಲ ಆ ದಾರಿಯ ಮೇಲೇ ನಿಂತಿರುತ್ತದೆ. ಅದನ್ನು ತಿಳಿದುಕೊಂಡು ಡಾಕ್ಟರ ಮುಂದೆ ಕೂತರೆ ಮಾತು ಸಲೀಸಾಗುತ್ತದೆ. ನಿಮ್ಮ ಕಲ್ಲಿಗೆ ಯಾವುದು ಸರಿ ಎಂದು ಹೇಳಬೇಕಾದವರು ನಿಮ್ಮ ಯೂರಾಲಜಿಸ್ಟೇ, ಅಂದರೆ ಕಿಡ್ನಿ, ಮೂತ್ರದ ದಾರಿಯ ಆಪರೇಷನ್ ಮಾಡುವ ಡಾಕ್ಟರೇ. ಅವರು ಹೇಳಿದ್ದು ಅರ್ಥವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ರಿಪೋರ್ಟ್ ಓದಿ

ಸಾಮಾನ್ಯವಾಗಿ ಕಲ್ಲು ಮೊದಲು ಸಿಗುವುದು ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ. ಆಪರೇಷನ್ ತೀರ್ಮಾನಕ್ಕೆ ಅದೊಂದೇ ಸಾಲದು. ಬಣ್ಣದ ಇಂಜೆಕ್ಷನ್ ಇಲ್ಲದೆ ಮಾಡುವ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಅದರ ರಿಪೋರ್ಟಿನಲ್ಲಿ ನಾಲ್ಕು ವಿಷಯ ಹುಡುಕಿ.

ಒಂದು, ಅಳತೆ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಹೆಚ್ಚಿನವರಲ್ಲಿ ಮೂತ್ರದ ಜೊತೆ ತಾನೇ ಹೋಗುತ್ತದೆ. 10 ಮಿ.ಮೀ. ದಾಟಿದ್ದು ತಾನಾಗಿ ಹೋಗುವುದು ಅಪರೂಪ. 20 ಮಿ.ಮೀ. ಮೇಲಿನದ್ದನ್ನು ದೊಡ್ಡ ಕಲ್ಲು ಎನ್ನುತ್ತಾರೆ. ಕಿಡ್ನಿಯ ಒಳಗಿನ ಟೊಳ್ಳನ್ನೆಲ್ಲ ತುಂಬಿಕೊಂಡು ಕವಲೊಡೆದು ಬೆಳೆದ ಕಲ್ಲೂ ಇರುತ್ತದೆ. ಅದನ್ನು ಸ್ಟ್ಯಾಗ್‌ಹಾರ್ನ್ ಎಂದು ಬರೆದಿರುತ್ತಾರೆ, ಜಿಂಕೆಯ ಕೊಂಬಿನ ಆಕಾರ ಅಂತ.

ಎರಡು, ಜಾಗ. ಕಿಡ್ನಿಯ ಒಳಗೆ ಮೂತ್ರ ಬಂದು ಸೇರುವ ಚಿಕ್ಕ ಚಿಕ್ಕ ಬಟ್ಟಲುಗಳಿವೆ. ಅವು ಒಂದು ದೊಡ್ಡ ಬಟ್ಟಲಿಗೆ ತೆರೆದುಕೊಳ್ಳುತ್ತವೆ, ಅಲ್ಲಿಂದ ಮೂತ್ರನಾಳ ಶುರು. ಕೆಳಗಿನ ಬಟ್ಟಲಿನಲ್ಲಿ ಕೂತ ಕಲ್ಲು ಸ್ವಲ್ಪ ಹಠಮಾರಿ. ಒಡೆದರೂ ಚೂರುಗಳು ಮೇಲಕ್ಕೆ ಹತ್ತಿ ಇಳಿಯಬೇಕು, ಹಾಗಾಗಿ ಅಲ್ಲೇ ಉಳಿದುಬಿಡುತ್ತವೆ.

ಮೂರು, ಗಟ್ಟಿತನ. ಎಚ್‌ಯು ಎಂದು ಒಂದು ಸಂಖ್ಯೆ ಇರುತ್ತದೆ. 1000 ದಾಟಿದರೆ ಕಲ್ಲು ಗಟ್ಟಿ. 500ರ ಕೆಳಗಿದ್ದು, ಮೂತ್ರ ಆಮ್ಲೀಯವಾಗಿದ್ದರೆ ಅದು ಯೂರಿಕ್ ಆಸಿಡ್ ಕಲ್ಲಿರಬಹುದು. ಇಲ್ಲಿ ಸ್ವಲ್ಪ ನಿಲ್ಲಿ. ಯೂರಿಕ್ ಆಸಿಡ್ ಕಲ್ಲನ್ನು ಮೂತ್ರದ ಆಮ್ಲತೆ ತಗ್ಗಿಸುವ ಔಷಧಿಯಿಂದಲೇ ಎಷ್ಟೋ ಸಲ ಕರಗಿಸಬಹುದು. ಬೇರೆ ಹೆಚ್ಚಿನ ಕಲ್ಲುಗಳಿಗೆ ಈ ಭಾಗ್ಯವಿಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧಿ ಇಲ್ಲ, ಮತ್ತು ಜಾಸ್ತಿ ಜನರಿಗೆ ಇರುವುದು ಅದೇ. 24 ಮಿ.ಮೀ. ಕಲ್ಲನ್ನು ಕರಗಿಸುತ್ತೇವೆ ಎಂದು ಯಾರಾದರೂ ತಿಂಗಳುಗಟ್ಟಲೆ ಪುಡಿ, ಸಿರಪ್ ಕೊಡುತ್ತಿದ್ದರೆ ಆ ತಿಂಗಳುಗಳ ಲೆಕ್ಕ ನಿಮ್ಮ ಕಿಡ್ನಿಗೆ ಬೀಳುತ್ತದೆ.

ನಾಲ್ಕು, ಊತ. ಹೈಡ್ರೋನೆಫ್ರೋಸಿಸ್ ಎಂದಿದ್ದರೆ ಮೂತ್ರ ಇಳಿಯಲು ದಾರಿಯಿಲ್ಲದೆ ಕಿಡ್ನಿ ಉಬ್ಬಿದೆ ಎಂದರ್ಥ.

ಇದರ ಜೊತೆ ಚಳಿ ಜ್ವರವೂ ಬಂದರೆ ಲೇಸರ್ ವಿಷಯ ಬಿಟ್ಟು ಆಗಲೇ ಎಮರ್ಜೆನ್ಸಿಗೆ ಹೋಗಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೆ ಹರಡಲು ಹೆಚ್ಚು ಹೊತ್ತು ಬೇಕಿಲ್ಲ. ಆಗ ಮೊದಲು ಒಂದು ಟ್ಯೂಬ್ ಹಾಕಿ ಮೂತ್ರ ಹೊರಗೆ ಬಿಡಿಸುತ್ತಾರೆ. ಸೋಂಕು ಇಳಿದ ಮೇಲೆ, ಕೆಲವು ದಿನ ಅಥವಾ ವಾರ ಬಿಟ್ಟು ಕಲ್ಲಿನ ಕೆಲಸ. ಕಲ್ಲು ಹಾಗೇ ಬಿಟ್ಟು ಬರೀ ಟ್ಯೂಬ್ ಹಾಕಿದರಲ್ಲ ಎಂದು ಬೇಜಾರಾಗಬೇಡಿ. ಆ ಹೊತ್ತಿಗೆ ಜೀವ ಉಳಿಸುವುದು ಅದೇ.

ದಾರಿ ಯಾವುದು ಎಂದು ಕೇಳಿ

ಹೊರಗಿನಿಂದ ಅಲೆಗಳನ್ನು ಬಿಟ್ಟು ಕಲ್ಲು ಒಡೆಯುವ ವಿಧಾನ ಹಳೆಯದು. 1980ರಿಂದ ಮನುಷ್ಯರಿಗೆ ಮಾಡುತ್ತಿದ್ದಾರೆ. ಅದರಲ್ಲಿ ಲೇಸರ್ ಇಲ್ಲ. ಚಿಕ್ಕ, ಮೆತ್ತನೆ ಕಲ್ಲಿಗೆ ಒಳ್ಳೆಯದು. 20 ಮಿ.ಮೀ. ದಾಟಿದ ಗಟ್ಟಿ ಕಲ್ಲಿಗೆ ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಲೇಸರ್ ಎರಡು ದಾರಿಯಲ್ಲಿ ಹೋಗುತ್ತದೆ.

ಮೊದಲನೆಯದು ಆರ್‌ಐಆರ್‌ಎಸ್. ಮೂತ್ರ ಬರುವ ದಾರಿಯಲ್ಲೇ ತೆಳ್ಳನೆ ಬಾಗುವ ದುರ್ಬೀನು ಮೇಲಕ್ಕೆ ಹೋಗುತ್ತದೆ. ಮೂತ್ರಕೋಶ, ಮೂತ್ರನಾಳ ದಾಟಿ ಕಿಡ್ನಿಯೊಳಗೆ. ಮೈ ಮೇಲೆ ಒಂದು ಗೀರೂ ಇರುವುದಿಲ್ಲ. ರಕ್ತ ಹೋಗುವುದು ಕಡಿಮೆ, ಅದೇ ದಿನ ಇಲ್ಲವೇ ಮರುದಿನ ಮನೆಗೆ. ಕೇಳೋಕೆ ಇದೇ ಚೆನ್ನಾಗಿದೆ ಅಲ್ವಾ? ಆದರೆ ದೊಡ್ಡ ಕಲ್ಲಿನಲ್ಲಿ ಇದರ ಮಿತಿ ಗೊತ್ತಾಗುತ್ತದೆ. ದುರ್ಬೀನು ಹೋಗುವ ದಾರಿ ಸಣ್ಣದು, ಚೂರು ಬರಬೇಕಾದದ್ದೂ ಅದೇ ದಾರಿಯಲ್ಲಿ. ಒಂದೇ ಸಲಕ್ಕೆ ಮುಗಿಯದೆ ಎರಡನೇ ಸಲ, ಕೆಲವೊಮ್ಮೆ ಮೂರನೇ ಸಲವೂ ಹೋಗಬೇಕಾಗಬಹುದು. ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಕೆಲವರ ಮೂತ್ರನಾಳ ಎಷ್ಟು ಬಿಗಿ ಇರುತ್ತದೆ ಎಂದರೆ ಮೊದಲ ದಿನ ದುರ್ಬೀನು ಮೇಲೇರುವುದೇ ಇಲ್ಲ. ಆಗ ಒಳ್ಳೆಯ ಡಾಕ್ಟರು ಬಲವಂತ ಮಾಡುವುದಿಲ್ಲ. ಸ್ಟೆಂಟ್ ಎಂಬ ಮೆತ್ತನೆ ಕೊಳವೆಯನ್ನು ನಾಳದೊಳಗೆ ಇಟ್ಟು ಹೊರಗೆ ಬರುತ್ತಾರೆ. ಒಂದೆರಡು ವಾರದಲ್ಲಿ ನಾಳ ತಾನೇ ಸಡಿಲವಾಗುತ್ತದೆ, ಆಮೇಲೆ ಕೆಲಸ.

ಎರಡನೆಯದು ಪಿಸಿಎನ್‌ಎಲ್. ಬೆನ್ನಿನ ಪಕ್ಕ, ಪಕ್ಕೆಲುಬಿನ ಕೆಳಗೆ ಸೂಜಿ ಚುಚ್ಚಿ ನೇರವಾಗಿ ಕಿಡ್ನಿಗೆ ದಾರಿ ಮಾಡುತ್ತಾರೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಈ ದಾರಿಯಿಂದ ಕಲ್ಲು ತೆಗೆದದ್ದನ್ನು ಮೊದಲು ಪ್ರಕಟಿಸಿದರು. 20 ಮಿ.ಮೀ. ದಾಟಿದ ಕಲ್ಲಿಗೆ ಇವತ್ತಿಗೂ ಮೊದಲು ಹೇಳುವುದು ಇದನ್ನೇ. ಕಾರಣ ಸರಳ. ದಾರಿಯ ಉದ್ದ ಕಡಿಮೆ, ನೇರ, ಅಗಲ. ಚೂರುಗಳನ್ನು ಅಲ್ಲೇ ಎದುರಿಗೇ ಹೊರಗೆ ತೆಗೆಯಬಹುದು.

ಈ ದಾರಿಯ ಅಗಲವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಹಳೆಯ ಪಿಸಿಎನ್‌ಎಲ್‌ನಲ್ಲಿ 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿ.ಮೀ. ದಾರಿ. ಮಿನಿ ಪಿಸಿಎನ್‌ಎಲ್‌ನಲ್ಲಿ 18 ಫ್ರೆಂಚ್ ಆಸುಪಾಸು, ಅಂದರೆ 6 ಮಿ.ಮೀ. ಪೆನ್ಸಿಲಿಗಿಂತ ಸಣ್ಣ ತೂತು. ದಾರಿ ಸಣ್ಣದಾದಷ್ಟೂ ರಕ್ತ ಹೋಗುವುದು ಕಡಿಮೆ, ಆದರೆ ಆಪರೇಷನ್ ಹೊತ್ತು ಸ್ವಲ್ಪ ಜಾಸ್ತಿ. ಅಗಲ ದಾರಿಯಲ್ಲಿ ಗಾಳಿಯ ಬಡಿತದಿಂದಲೋ ಅಲ್ಟ್ರಾಸೌಂಡ್ ಕಂಪನದಿಂದಲೋ ಕಲ್ಲು ಒಡೆಯುವುದು ವಾಡಿಕೆ. ಸಣ್ಣ ದಾರಿಗೆ ಲೇಸರ್ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದರ ತಂತಿ ಬಹಳ ತೆಳ್ಳಗಿರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಕಿಡ್ನಿ ಚುಚ್ಚುವುದು ಅಪಾಯ. ಅಂಥವರಿಗೆ ಕಲ್ಲು ದೊಡ್ಡದಿದ್ದರೂ ಆರ್‌ಐಆರ್‌ಎಸ್ ಕಡೆಗೇ ಒಲವು, ಹಂತ ಹಂತವಾಗಿ.

ಗೀರು ಬೀಳಬಾರದು ಎಂಬ ಒಂದೇ ಕಾರಣಕ್ಕೆ 30 ಮಿ.ಮೀ. ಕಲ್ಲಿಗೆ ಆರ್‌ಐಆರ್‌ಎಸ್ಸೇ ಬೇಕು ಎಂದು ಹಠ ಹಿಡಿಯಬೇಡಿ. ಆರು ಮಿ.ಮೀ. ಗಾಯ ವಾರದಲ್ಲಿ ಒಣಗುತ್ತದೆ. ಎರಡೆರಡು ಸಲ ಅರಿವಳಿಕೆ, ನಡುವೆ ವಾರಗಟ್ಟಲೆ ಸ್ಟೆಂಟ್ ಅದಕ್ಕಿಂತ ಕಷ್ಟ. ನಾನು ಮಿನಿ ಪಿಸಿಎನ್‌ಎಲ್ ಒಪ್ಪಿಕೊಂಡೆ.

ತೀರ್ಮಾನಕ್ಕೆ ಮುಂಚೆ ಇಷ್ಟು ಕೇಳಿಕೊಳ್ಳಿ. ಒಂದೇ ಸಲಕ್ಕೆ ಕಲ್ಲು ಪೂರ್ತಿ ಹೋಗುವ ಸಾಧ್ಯತೆ ಎಷ್ಟು? ಸ್ಟೆಂಟ್ ಹಾಕುತ್ತೀರಾ, ಎಷ್ಟು ದಿನಕ್ಕೆ? ರಕ್ತಸ್ರಾವ ನಿಲ್ಲದಿದ್ದರೆ ಇಲ್ಲೇ ವ್ಯವಸ್ಥೆ ಇದೆಯಾ? ಮೂರನೆಯ ಪ್ರಶ್ನೆ ಕೇಳಲು ಮುಜುಗರ ಬೇಡ. ಬಹಳ ಅಪರೂಪಕ್ಕೆ ರಕ್ತನಾಳದೊಳಗಿನಿಂದ ಹೋಗಿ ಸ್ರಾವ ನಿಲ್ಲಿಸಬೇಕಾಗುತ್ತದೆ, ಅದು ಎಲ್ಲ ಕಡೆ ಇರುವುದಿಲ್ಲ.

ಆಪರೇಷನ್‌ಗೆ ಮುಂಚಿನ ವಾರ

ಯೂರಿನ್ ಕಲ್ಚರ್ ಆಗಲೇಬೇಕು. ಸಾಮಾನ್ಯ ಮೂತ್ರ ಪರೀಕ್ಷೆ ಬೇರೆ, ಇದು ಬೇರೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ, ಬೆಳೆದರೆ ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಲು ಎರಡು ಮೂರು ದಿನ ಬೇಕು. ಕಲ್ಲು ಒಡೆಯುವಾಗ ಕಿಡ್ನಿಯೊಳಗೆ ನೀರು ಹಾಯಿಸುತ್ತಲೇ ಇರುತ್ತಾರೆ. ಒಳಗೆ ಒತ್ತಡ ಏರಿದರೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಈ ಆಪರೇಷನ್‌ನಲ್ಲಿ ಡಾಕ್ಟರು ಹೆಚ್ಚು ಹೆದರುವುದು ಇದಕ್ಕೇ.

ನನ್ನ ಕಲ್ಚರ್ ಪಾಸಿಟಿವ್ ಬಂತು. ರಜೆ ಹಾಕಿ, ಬ್ಯಾಗ್ ಜೋಡಿಸಿಟ್ಟಿದ್ದೆ. ಒಂದು ವಾರ ಆ್ಯಂಟಿಬಯೋಟಿಕ್ ಎಂದು ದಿನಾಂಕ ಮುಂದೆ ಹಾಕಿದರು. ಸಿಟ್ಟು ಬಂತು. ಮೊದಲು ತೋರಿಸಿದ್ದ ಕಡೆ ಕಲ್ಚರ್ ಮಾತೇ ಎತ್ತದೆ ಮರುದಿನವೇ ಅಡ್ಮಿಟ್ ಆಗಿ ಅಂದಿದ್ದರು. ಈಗ ನೆನೆಸಿಕೊಂಡರೆ ಆ ಒಂದು ವಾರ ಕಾಯಿಸಿದವರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ನೀವು ತೆಗೆದುಕೊಳ್ಳುವ ಪ್ರತಿ ಮಾತ್ರೆಯನ್ನೂ ಬರೆದು ಕೊಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಖ್ಯವಾಗಿ ಹೇಳಿ. ಆದರೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸುಮ್ನೆ ಮಾತ್ರೆ ಬಿಟ್ಟರೆ ಕಿಡ್ನಿ ಸರಿಹೋಗಿ ಹೃದಯ ಕೈಕೊಡಬಹುದು. ಎರಡೂ ಕಡೆಯ ಡಾಕ್ಟರು ಮಾತಾಡಿಕೊಳ್ಳಲಿ. ಸಕ್ಕರೆ ಕಾಯಿಲೆ, ಬಿಪಿ, ಔಷಧಿ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ, ಇವನ್ನೂ ಮುಚ್ಚಿಡಬೇಡಿ.

ಆಪರೇಷನ್ ದಿನ ಸಾಮಾನ್ಯವಾಗಿ ಆರು ಗಂಟೆ ಮುಂಚಿನಿಂದ ಊಟ ಇಲ್ಲ. ನೀರು ಯಾವಾಗ ನಿಲ್ಲಿಸಬೇಕು ಎಂದು ಅರಿವಳಿಕೆ ಡಾಕ್ಟರು ಹೇಳುತ್ತಾರೆ. ಯಾವ ಕಡೆಯ ಕಿಡ್ನಿ ಎಂದು ಮೈ ಮೇಲೆ ಗುರುತು ಹಾಕುತ್ತಾರೆ. ಹಾಕುವಾಗ ನೀವೂ ಬಾಯಿಬಿಟ್ಟು ಹೇಳಿ, "ಎಡಗಡೆ".

ಒಳಗೆ ಏನಾಗುತ್ತದೆ

ಪೂರ್ತಿ ಅರಿವಳಿಕೆ ಕೊಡಬಹುದು, ಇಲ್ಲವೇ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹೊಟ್ಟೆಯಿಂದ ಕೆಳಗೆ ಮರಗಟ್ಟಿಸಬಹುದು. ಕೆಲವರನ್ನು ಬೋರಲು ಮಲಗಿಸುತ್ತಾರೆ, ಕೆಲವರನ್ನು ಅಂಗಾತ. ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಂಗಾತ ಮಲಗಿಸಿದರು. ಹಾಗಾಗಿ ತಲೆ ತಿರುಗಿಸಿದರೆ ಪರದೆ ಕಾಣುತ್ತಿತ್ತು.

ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸರಿಯಾದ ಬಟ್ಟಲಿಗೆ ಸೂಜಿ ಹಾಕುತ್ತಾರೆ. ಇಡೀ ಆಪರೇಷನ್‌ನಲ್ಲಿ ಕೈಚಳಕ ಬೇಕಾದದ್ದು ಇಲ್ಲೇ. ಬಟ್ಟಲಿನ ತುದಿಯಲ್ಲಿ ದೊಡ್ಡ ರಕ್ತನಾಳ ಇರುವುದಿಲ್ಲ, ಪಕ್ಕಕ್ಕೆ ಸರಿದರೆ ಇರುತ್ತದೆ. ಸೂಜಿಯೊಳಗಿನಿಂದ ತೆಳ್ಳನೆ ತಂತಿ ಬಿಟ್ಟು, ಅದರ ಮೇಲೆ ದಾರಿಯನ್ನು ಮೆಲ್ಲಗೆ ಅಗಲ ಮಾಡಿ, ಒಂದು ಕೊಳವೆ ಕೂರಿಸುತ್ತಾರೆ. ಕೊಳವೆಯೊಳಗೆ ದುರ್ಬೀನು, ಅದರೊಳಗೆ ಲೇಸರ್ ತಂತಿ.

ಪರದೆಯಲ್ಲಿ ನನ್ನ ಕಲ್ಲು ಕಂದು ಹಳದಿಯಾಗಿತ್ತು, ಮೈಯೆಲ್ಲ ಮುಳ್ಳು ಮುಳ್ಳು. ಅದರ ಮೇಲೆ ಒಂದು ಹಸಿರು ಚುಕ್ಕಿ ಓಡಾಡುತ್ತಿತ್ತು. ಅದೇ ಲೇಸರ್ ಅಂದುಕೊಂಡೆ. ಅದು ಗುರಿ ತೋರಿಸುವ ದೀಪ ಮಾತ್ರವಂತೆ. ಕೆಲಸ ಮಾಡುವ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ. ಹೋಲ್ಮಿಯಂ ಲೇಸರ್ ಆದರೆ 2100 ನ್ಯಾನೋಮೀಟರ್, ಹೊಸದಾದ ಥೂಲಿಯಂ ಫೈಬರ್ ಲೇಸರ್ ಆದರೆ 1940. ಎರಡೂ ಕಣ್ಣಿನ ಅಳವಿಗೆ ಮೀರಿದ ಬೆಳಕು. ಎರಡನ್ನೂ ನೀರು ತಕ್ಷಣ ಹೀರಿಕೊಳ್ಳುತ್ತದೆ. ತಂತಿಯ ತುದಿಯಿಂದ ಒಂದು ಮಿ.ಮೀ. ದೂರ ಹೋಗುವಷ್ಟರಲ್ಲಿ ಶಕ್ತಿ ಉಡುಗಿರುತ್ತದೆ. ಹಾಗಾಗಿಯೇ ಕಲ್ಲಿಗೆ ತಾಗಿಸಿ ಹಿಡಿದಾಗ ಕಲ್ಲು ಒಡೆಯುತ್ತದೆ, ಹಿಂದಿನ ಮಾಂಸ ಉಳಿಯುತ್ತದೆ. ಥೂಲಿಯಂನ ತಂತಿ ಇನ್ನೂ ತೆಳುವು, ಪುಡಿಯೂ ಇನ್ನೂ ನುಣ್ಣಗೆ. ಆದರೂ ಯಂತ್ರದ ಹೆಸರಿಗಿಂತ ಅದನ್ನು ಹಿಡಿದವರ ಕೈ ಮುಖ್ಯ.

ಒಡೆಯುವುದಕ್ಕೂ ಎರಡು ರೀತಿ ಇದೆ. ಕಡಿಮೆ ಶಕ್ತಿಯಲ್ಲಿ ವೇಗವಾಗಿ ಬಡಿದರೆ ಕಲ್ಲು ಸೀಮೆಸುಣ್ಣದ ಹಾಗೆ ಪುಡಿ ಉದುರಿಸುತ್ತದೆ. ಜಾಸ್ತಿ ಶಕ್ತಿಯಲ್ಲಿ ನಿಧಾನಕ್ಕೆ ಬಡಿದರೆ ತುಂಡು ತುಂಡಾಗುತ್ತದೆ. ಆರ್‌ಐಆರ್‌ಎಸ್‌ನಲ್ಲಿ ಪುಡಿ ಮಾಡಿ ಮೂತ್ರದ ಜೊತೆ ಹೋಗಲು ಬಿಡುತ್ತಾರೆ, ಇಲ್ಲವೇ ಚಿಕ್ಕ ತಂತಿಬುಟ್ಟಿಯಲ್ಲಿ ಹಿಡಿದು ತರುತ್ತಾರೆ. ಮಿನಿ ಪಿಸಿಎನ್‌ಎಲ್‌ನಲ್ಲಿ ನಾನು ಕಂಡದ್ದು ಬೇರೆ. ದುರ್ಬೀನನ್ನು ಹಿಂದಕ್ಕೆ ಎಳೆದ ಕೂಡಲೇ ನೀರು ಸುಳಿ ಸುತ್ತಿ ಚೂರುಗಳನ್ನು ತಾನೇ ಕೊಳವೆಯಿಂದ ಹೊರಗೆ ಹೊತ್ತು ತರುತ್ತದೆ. ಟಕ್ ಟಕ್ ಎಂದು ಬೀಳುವ ಸದ್ದು ಕೇಳುತ್ತಿತ್ತು.

ಕೊನೆಗೆ ಒಳಗೆ ಸ್ಟೆಂಟ್ ಇಡುತ್ತಾರೆ, ಇಲ್ಲವೇ ಬೆನ್ನಿನಿಂದ ಒಂದೆರಡು ದಿನ ಟ್ಯೂಬ್, ಕೆಲವೊಮ್ಮೆ ಎರಡೂ. ಮೂತ್ರಕ್ಕೆ ಕ್ಯಾತಿಟರ್ ಇರುತ್ತದೆ. ಮರುದಿನ ಅದನ್ನು ತೆಗೆಯುತ್ತಾರೆ. ಪಿಸಿಎನ್‌ಎಲ್ ಆದವರು ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮನೆಗೆ.

ಸ್ಟೆಂಟ್ ಇರುವಷ್ಟು ದಿನ

ಇದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಡಿಜೆ ಸ್ಟೆಂಟ್ ಅಂದರೆ ಒಂದು ಮೆತ್ತನೆ ಕೊಳವೆ. ಉದ್ದ ಸುಮಾರು 26 ಸೆಂಟಿಮೀಟರ್, ದಪ್ಪ ಸುಮಾರು 2 ಮಿ.ಮೀ. ಎರಡೂ ತುದಿ ಹಂದಿಮರಿಯ ಬಾಲದ ಹಾಗೆ ಸುರುಳಿ. ಮೇಲಿನ ಸುರುಳಿ ಕಿಡ್ನಿಯಲ್ಲಿ, ಕೆಳಗಿನದು ಮೂತ್ರಕೋಶದಲ್ಲಿ. ನಾಳ ಊದಿಕೊಂಡರೂ, ಚೂರು ಅಡ್ಡ ಬಂದರೂ ಮೂತ್ರ ಇಳಿಯಲಿ ಎಂದು ಇಡುತ್ತಾರೆ.

ಕೆಳಗಿನ ಸುರುಳಿ ಮೂತ್ರಕೋಶವನ್ನು ಕೆಣಕುತ್ತಲೇ ಇರುತ್ತದೆ. ಅದಕ್ಕೇ ಪದೇ ಪದೇ ಮೂತ್ರಕ್ಕೆ ಅವಸರ, ಮುಗಿಸಿದ ಮೇಲೂ ಇನ್ನೂ ಇದೆ ಎನ್ನುವ ಭಾವ. ಮೂತ್ರ ಮಾಡುವಾಗ ಪಕ್ಕೆಯಲ್ಲಿ ಚುಳುಕ್ ಎನ್ನುತ್ತದೆ. ಒತ್ತಡಕ್ಕೆ ಮೂತ್ರ ಸ್ಟೆಂಟಿನೊಳಗೆ ಹಿಂದಕ್ಕೆ ಏರಿ ಕಿಡ್ನಿ ಮುಟ್ಟುವುದರಿಂದ ಆ ನೋವು. ಕಲ್ಲು ಉಳಿದುಬಿಟ್ಟಿದೆ ಎಂದು ಮೊದಲ ದಿನ ನಾನು ಅತ್ತುಬಿಟ್ಟೆ. ರಾತ್ರಿ ಪಾಳಿಯ ಸಿಸ್ಟರ್ ಪಕ್ಕ ನಿಂತು, "ತಿಣುಕಬೇಡಿ, ನಿಧಾನಕ್ಕೆ ತಾನೇ ಬರಲಿ ಬಿಡಿ" ಅಂದರು. ಅಷ್ಟರಿಂದಲೇ ಅರ್ಧ ನೋವು ಹೋಯಿತು.

ಮೂತ್ರ ತಡೆದುಕೊಳ್ಳಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಜಾಸ್ತಿ ಓಡಾಡಿದ ದಿನ ಮೂತ್ರ ಕೆಂಪಗಾಗುತ್ತದೆ, ಮಲಗಿ ನೀರು ಕುಡಿದರೆ ತಿಳಿಯಾಗುತ್ತದೆ. ಅದಕ್ಕೆ ಗಾಬರಿ ಬೇಡ. ಟ್ಯಾಮ್ಸುಲೋಸಿನ್ ಥರದ ಮಾತ್ರೆ ಈ ತೊಂದರೆಯನ್ನು ತಗ್ಗಿಸುತ್ತದೆ. ಬರೆದುಕೊಟ್ಟಿಲ್ಲದಿದ್ದರೆ ಕೇಳಿ.

ಎಲ್ಲಕ್ಕಿಂತ ಮುಖ್ಯ, ತೆಗೆಯುವ ದಿನಾಂಕ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ. ನೋವು ಅಭ್ಯಾಸವಾಗಿ, ಸ್ಟೆಂಟ್ ಇರುವುದೇ ಮರೆತುಹೋದವರಿದ್ದಾರೆ. ಮೂರು ತಿಂಗಳು ಮೀರಿದರೆ ಸ್ಟೆಂಟಿನ ಮೇಲೇ ಕಲ್ಲು ಕಟ್ಟಲು ಶುರುವಾಗಬಹುದು. ವರ್ಷಗಟ್ಟಲೆ ಉಳಿದದ್ದನ್ನು ತೆಗೆಯಲು ಮತ್ತೆ ಆಪರೇಷನ್ನೇ ಬೇಕು, ಕಿಡ್ನಿಯೇ ಹೋದದ್ದೂ ಇದೆ. ಡಿಸ್ಚಾರ್ಜ್ ಕಾಗದದಲ್ಲಿ ಸ್ಟೆಂಟ್ ಇದೆ ಎಂದು ಬರೆದಿದೆಯಾ ನೋಡಿ. ದಿನಾಂಕವನ್ನು ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಹಾಕಿಸಿ. ತೆಗೆಯುವುದು ಕೆಲವೇ ನಿಮಿಷದ ಕೆಲಸ. ಮರಗಟ್ಟಿಸುವ ಜೆಲ್ ಹಾಕಿ, ದುರ್ಬೀನಿನಿಂದ ಹಿಡಿದು ಎಳೆಯುತ್ತಾರೆ.

ಮನೆಯಲ್ಲಿ ಯಾವುದಕ್ಕೆ ಓಡಬೇಕು

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮೈ ನಡುಕ ಬಂದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರ ನಿಂತುಹೋದರೆ, ವಾಂತಿ ನಿಲ್ಲದಿದ್ದರೆ, ಉಸಿರಾಡಲು ಕಷ್ಟವಾದರೆ ಹಾಗೆಯೇ.

ಪಿಸಿಎನ್‌ಎಲ್ ಆದವರಿಗೆ ಇನ್ನೊಂದು ಎಚ್ಚರ. ಎಲ್ಲ ಸರಿಹೋಯಿತು ಅಂದುಕೊಂಡು ಒಂದೆರಡು ವಾರವಾದ ಮೇಲೆ ಇದ್ದಕ್ಕಿದ್ದಂತೆ ಕಡುಕೆಂಪು ರಕ್ತ, ಗಡ್ಡೆ ಗಡ್ಡೆಯಾಗಿ ಬರಬಹುದು. ಅಪರೂಪ, ಆದರೆ ಆಗುತ್ತದೆ. ಚುಚ್ಚಿದ ದಾರಿಯ ಪಕ್ಕದ ರಕ್ತನಾಳ ಉಬ್ಬಿ ಒಡೆದಿರುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ. ಆ ಎರಡು ಮೂರು ವಾರ ಭಾರ ಎತ್ತುವುದು, ದೂರ ಪ್ರಯಾಣ ಬೇಡ ಅನ್ನುವುದು ಇದಕ್ಕೇ. ಆರ್‌ಐಆರ್‌ಎಸ್ ಆದವರು ಸುಮಾರು ಒಂದು ವಾರದಲ್ಲಿ ಕೆಲಸಕ್ಕೆ ಹೋಗಬಹುದು.

ಚೂರುಗಳನ್ನು ಬಿಸಾಡಬೇಡಿ

ನಾಲ್ಕು ಚೂರು ಒಂದು ಪುಟ್ಟ ಶೀಶೆಯಲ್ಲಿ ಹಾಕಿ ಕೊಟ್ಟರು. ಮನೆಯಲ್ಲಿ ನೋಡಲು ಇಟ್ಟುಕೊಳ್ಳುವವರೇ ಜಾಸ್ತಿ. ಅದನ್ನು ಲ್ಯಾಬಿಗೆ ಕೊಡಿ. ಕಲ್ಲು ಯಾವ ಜಾತಿಯದು ಎಂದು ಗೊತ್ತಾದರೆ ಮಾತ್ರ ಮುಂದಿನ ಪಥ್ಯಕ್ಕೆ ಅರ್ಥ. ಕಲ್ಲು ಒಮ್ಮೆ ಬಂದವರಲ್ಲಿ ತುಂಬಾ ಜನರಿಗೆ ಮತ್ತೆ ಬರುತ್ತದೆ. ಪದೇ ಪದೇ ಬರುವವರು, ದೊಡ್ಡ ಕಲ್ಲು ಬಂದವರು 24 ಗಂಟೆಯ ಮೂತ್ರ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ನೀರಿನ ಲೆಕ್ಕವನ್ನು ಕುಡಿದದ್ದರಿಂದ ಹಾಕಬೇಡಿ, ಹೋದದ್ದರಿಂದ ಹಾಕಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಒಂದು ದಿನ ಮನೆಯಲ್ಲೇ ಇದ್ದು ಅಳತೆ ಜಗ್ಗಿನಲ್ಲಿ ಹಿಡಿದು ನೋಡಿ. ನಾನು ಮೂರು ಲೀಟರ್ ಕುಡಿಯುತ್ತೇನೆ ಅಂದುಕೊಂಡಿದ್ದೆ, ಹೋಗುತ್ತಿದ್ದದ್ದು 1300 ಮಿಲಿಲೀಟರ್. ಹೃದಯದ ಅಥವಾ ಕಿಡ್ನಿ ವೈಫಲ್ಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ನೀರು ಹೆಚ್ಚಿಸಬೇಕು.

ಉಪ್ಪು ಕಡಿಮೆ ಮಾಡಿ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಆದರೆ ಕ್ಯಾಲ್ಸಿಯಂ ಕಲ್ಲು ಎಂದು ಹಾಲು ಬಿಡಬೇಡಿ. ಊಟದ ಕ್ಯಾಲ್ಸಿಯಂ, ಕಲ್ಲಿನ ಇನ್ನೊಂದು ಪಾಲಾದ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿ ಹೊರಹಾಕುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ ಗಂಡಸರನ್ನು 5 ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಕ್ಯಾಲ್ಸಿಯಂ ಸಾಮಾನ್ಯವಾಗಿ ತೆಗೆದುಕೊಂಡು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೆ ಮತ್ತೆ ಕಲ್ಲಾಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಸ್ಕ್ಯಾನ್ ಮಾಡಿಸಿ. ರಿಪೋರ್ಟಿನಲ್ಲಿ 4 ಮಿ.ಮೀ. ಒಳಗಿನ ಚೂರು ಉಳಿದಿದೆ ಎಂದಿದ್ದರೆ, ಅದು ಏನೂ ಅಲ್ಲ ಎಂದು ಸುಮ್ಮನಾಗಬೇಡಿ. ಎಷ್ಟೋ ಸಲ ತಾನೇ ಹೋಗುತ್ತದೆ, ಕೆಲವೊಮ್ಮೆ ಅದೇ ಹೊಸ ಕಲ್ಲಿಗೆ ಬೀಜವಾಗುತ್ತದೆ. ಹಳೆಯ ಸಿಟಿ ಫಿಲ್ಮ್, ಆಪರೇಷನ್ ನೋಟ್, ಕಲ್ಲಿನ ಲ್ಯಾಬ್ ರಿಪೋರ್ಟ್ ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟು, ಪ್ರತಿ ಸ್ಕ್ಯಾನಿಗೂ ಜೊತೆಗೆ ತೆಗೆದುಕೊಂಡು ಹೋಗಿ. ಹೊಸ ಅಳತೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೇ ಆ ಚೂರು ಬೆಳೆಯುತ್ತಿದೆಯಾ ಎಂದು ತಿಳಿಯುವುದು.